ದಂಡು, ದಂಡ, ದಂಡಾಧಿಕಾರಿ

ಯಲಹಂಕ ತಾಲ್ಲೂಕು ಕಚೇರಿಯ ಆದೇಶಗಳಲ್ಲಿ ಸಹಿಯ ಕೆಳಗೆ ಎರಡು ಪದವಿಗಳಿರುತ್ತವೆ. ಒಂದು ತಹಶೀಲ್ದಾರರು, ಇನ್ನೊಂದು ತಾಲ್ಲೂಕು ದಂಡಾಧಿಕಾರಿಗಳು. ಪಹಣಿ, ಖಾತೆ, ಜಾತಿ ಪ್ರಮಾಣಪತ್ರ ಎಂದು ಅಲೆಯುವವರಿಗೆ ಮೊದಲನೆಯದೇ ಸಾಕು. ಎರಡನೆಯದರ ನೆನಪಾಗುವುದು ಎಲ್ಲಾದರೂ ಗಲಾಟೆಯಾಗಿ ನಿಷೇಧಾಜ್ಞೆ ಹೊರಟಾಗ ಮಾತ್ರ. ಹೊಯ್ಸಳರ ಕಾಲದ ಒಬ್ಬ ರೈತನ ಕಿವಿಗೆ ‘ದಂಡಾಧಿಪ ಬಂದ’ ಎಂಬ ಮಾತು ಬಿದ್ದಿದ್ದರೆ ಅವನು ಅರ್ಜಿ ಬರೆಯಲು ಕೂರುತ್ತಿರಲಿಲ್ಲ. ದನಕರು ಹೊಡೆದುಕೊಂಡು ಊರು ಬಿಡುತ್ತಿದ್ದ. ಅವನಿಗೆ ಅದು ಆನೆ, ಕುದುರೆ, ಕಾಲಾಳುಗಳ ಒಡೆಯನ ಹೆಸರು. ಇವತ್ತು ಹೆಚ್ಚುಕಡಿಮೆ ಅದೇ ಮಾತು ಜೀಪಿನಲ್ಲಿ ಬರುವ ಕಂದಾಯ ಅಧಿಕಾರಿಯ ಹೆಸರು. ಸೇನಾಪತಿ ಮ್ಯಾಜಿಸ್ಟ್ರೇಟ್ ಆದದ್ದು ಹೇಗೆ?

ಮೂಲದಲ್ಲಿ ದಂಡ ಎಂದರೆ ಕೋಲು. ಸನ್ಯಾಸಿಯ ಕೈಯಲ್ಲಿರುವುದೂ ದಂಡ, ಯಮನ ಕೈಯಲ್ಲಿರುವುದೂ ದಂಡ. ಉಪನಯನವಾದ ವಟುವಿನ ಕೈಗೆ ಕೊಡುವುದೂ ಅದನ್ನೇ. ಕೋಲು ಹಿಡಿದವನು ಹೊಡೆಯಬಲ್ಲ, ಹಾಗಾಗಿ ಹೊಡೆತವೂ ದಂಡವಾಯಿತು. ಹೊಡೆಯಲು ಜನ ಬೇಕು, ಆ ಜನರ ಗುಂಪೂ ದಂಡವಾಯಿತು. ರಾಜ್ಯದ ಏಳು ಅಂಗಗಳನ್ನು ಎಣಿಸುವಾಗ ಕೌಟಿಲ್ಯ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶಗಳಾದ ಮೇಲೆ ದಂಡ ಎನ್ನುತ್ತಾನೆ. ಅಲ್ಲಿ ಅದರ ಅರ್ಥ ಸೈನ್ಯ. ಅದೇ ಗ್ರಂಥದಲ್ಲಿ ಅವನು ದಂಡನೀತಿಯ ಮಾತೆತ್ತಿದಾಗ ಅರ್ಥ ಶಿಕ್ಷೆ, ಅಂದರೆ ಆಳುವ ವಿದ್ಯೆ. ಸಾಮ, ದಾನ, ಭೇದ, ದಂಡ ಎಂದಾಗ ಯಾವ ಅರ್ಥ ಹಿಡಿದರೂ ನಡೆಯುತ್ತದೆ. ಎರಡನ್ನೂ ಬೇರೆ ಮಾಡಬೇಕೆಂದು ಆ ಕಾಲದವರಿಗೆ ಅನ್ನಿಸಿಯೇ ಇರಲಿಲ್ಲ. ಈ ಅರ್ಥಶಾಸ್ತ್ರ ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಕೊನೆಗೆ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿದೆ. ದಂಡನೆಗೆ ಅರ್ಹನಲ್ಲದವನನ್ನು ರಾಜ ದಂಡಿಸಿದರೆ ಆ ದಂಡದ ಮೂವತ್ತು ಪಟ್ಟನ್ನು ರಾಜನೇ ವರುಣನಿಗೆಂದು ನೀರಿಗೆ ಹಾಕಬೇಕು. ಹಾಕಿದ ರಾಜನಿದ್ದನೇ ಎಂಬುದು ಬೇರೆ ಮಾತು. ದಂಡ ಹಿಡಿದವನಿಗೂ ದಂಡ ಉಂಟು ಎಂದು ಬರೆದಿಟ್ಟರಲ್ಲ, ಅದು ದೊಡ್ಡದು.

ಕನ್ನಡಕ್ಕೆ ಬಂದಾಗ ಈ ಪದ ಎರಡು ರೂಪ ತಾಳಿತು. ತತ್ಸಮ ‘ದಂಡ’ ಶಿಕ್ಷೆಯ ಕಡೆಗೆ ವಾಲಿತು. ತದ್ಭವ ‘ದಂಡು’ ಸೈನ್ಯದ ಕಡೆಗೆ ನಡೆಯಿತು. ಸೈನ್ಯಕ್ಕೆ ‘ಪಡೆ’ ಎಂಬ ಅಚ್ಚಗನ್ನಡದ ಮಾತು ಮೊದಲೇ ಇತ್ತು. ಆದರೂ ಊರಿಗೆ ಬಂದಿಳಿಯುವ ಸೈನ್ಯ, ಬೆಳೆ ತುಳಿದು ಹೋಗುವ ಸೈನ್ಯ, ಜನರ ಬಾಯಲ್ಲಿ ದಂಡೇ ಆಯಿತು. ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ದಾಸಯ್ಯನ ಜಾಗಟೆಗೆ ಹೆದರುತ್ತೇನೆಯೇ ಎಂಬ ಗಾದೆ ಹುಟ್ಟಿದ್ದು ಹೀಗೆ. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂಥ ಊರ ಹೆಸರುಗಳಲ್ಲೂ ಆ ಮಾತು ಉಳಿದಿದೆ. ಬೆಂಗಳೂರಿನ ತುಂಬ ಇರುವ ‘ಪಾಳ್ಯ’ಗಳದೂ ಇದೇ ಬಗೆಯ ಕಥೆ. ಪಾಳೆಯ ಎಂದರೆ ಸೈನ್ಯ ಬೀಡುಬಿಟ್ಟ ಜಾಗ. ಈಗ ಅಲ್ಲಿ ಪಾರ್ಕಿಂಗ್‌ಗೆ ಮಾತ್ರ ಯುದ್ಧ.

ದಂಡನಾಯಕ ಎಂಬ ಬಿರುದು ಶಾಸನಗಳಲ್ಲಿ ಹೆಜ್ಜೆಗೊಮ್ಮೆ ಸಿಗುತ್ತದೆ. ಬಾಯಲ್ಲಿ ಸವೆದು ದಣ್ಣಾಯಕ ಆಯಿತು. ಪೆರುಮಾಳೆ ದಣ್ಣಾಯಕ, ತೆರಕಣಾಂಬಿಯ ಮಾಧವ ದಣ್ಣಾಯಕ ಹೀಗೆ. ದಂಡನಾಯಕನ ಹೆಂಡತಿ ದಂಡನಾಯಕಿತಿ. ಶ್ರವಣಬೆಳಗೊಳದ ಶಾಸನಗಳು ಹೊಯ್ಸಳರ ದಂಡನಾಯಕ ಗಂಗರಾಜನ ಹೆಂಡತಿ ಲಕ್ಕಲೆಯನ್ನು ಹಾಗೆಯೇ ಕರೆಯುತ್ತವೆ. ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರನ್ನೂ ವೀರಶೈವ ಪುರಾಣಗಳು ದಂಡನಾಯಕರೆಂದೇ ಕರೆದವು. ಹನ್ನೆರಡನೆಯ ಶತಮಾನದ ಹೊತ್ತಿಗೇ ಈ ಮಾತು ಬರಿಯ ಕತ್ತಿಯ ಜೊತೆ ಅಂಟಿಕೊಂಡಿರಲಿಲ್ಲ, ಲೆಕ್ಕದ ಕಡತದ ಬಳಿಗೂ ಬಂದಿತ್ತು. ತಹಶೀಲ್ದಾರರ ಕಡೆಗೆ ಅದರ ಪಯಣ ಆಗಲೇ ಶುರುವಾಗಿತ್ತು ಎಂದು ನಾನು ಎಣಿಸುತ್ತೇನೆ.

ಆ ಕಾಲದ ದಂಡಿನೊಳಗೆ ತಪ್ಪು ಮಾಡಿದ ಭಟನಿಗೆ ಏನಾಗುತ್ತಿತ್ತು? ಶಾಸನಗಳು ಶಿಕ್ಷೆಗಿಂತ ಬಹುಮಾನದ ವಿಷಯದಲ್ಲಿ ವಾಚಾಳಿಗಳು. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೆಂಗಳೂರಿನ ಕನ್ನಡ ಶಾಸನಗಳಲ್ಲೇ ಅತಿ ಹಳೆಯದೆಂದು ಹೆಸರಾದ ಕಲ್ಲು ಅದು. ಸತ್ತವನ ಹೆಸರು ಕಲ್ಲಿಗೆ ಹತ್ತಿತು, ಓಡಿಹೋದವರ ಹೆಸರನ್ನು ಯಾರು ಕೆತ್ತಿಸುತ್ತಾರೆ? ಸತ್ತ ವೀರನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಗೆ ‘ನೆತ್ತರುಗೊಡಗೆ’ ಎಂಬ ಬಿಸಿ ಆರದ ಹೆಸರಿದೆ. ಉಂಡ ಅನ್ನದ ಋಣ ತೀರಿಸುವ ನಿಷ್ಠೆಗೆ ‘ಜೋಳವಾಳಿ’, ಇಂಥ ಹೊತ್ತಿಗೆ ಪ್ರಾಣ ಕೊಟ್ಟೇನು ಎಂಬ ಮಾತಿಗೆ ‘ವೇಳೆವಾಳಿ’. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡೇಶ ಕುವರ ಲಕ್ಷ್ಮ ಹೆಂಡತಿ ಸುಗ್ಗಲದೇವಿ ಮತ್ತು ಅಂಥದೇ ಮಾತು ಕೊಟ್ಟ ತನ್ನ ಲೆಂಕರೊಂದಿಗೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಕಂಬ ಹೇಳುತ್ತದೆ. ಇಂಥ ವ್ಯವಸ್ಥೆಯಲ್ಲಿ ಸೈನಿಕನಿಗೆ ನ್ಯಾಯಾಲಯವೇ ಬೇಕಿರಲಿಲ್ಲ. ಅವನ ಮಾತೇ ಅವನಿಗೆ ಕಟ್ಟು, ಮಾತಿಗೆ ತಪ್ಪಿದವನಿಗೆ ದಂಡನಾಯಕನೇ ಗತಿ. ತಲಕಾಡನ್ನು ಚೋಳರಿಂದ ಬಿಡಿಸಿದ ಗಂಗರಾಜನ ಬಿರುದುಗಳಲ್ಲೊಂದು ‘ದ್ರೋಹಘರಟ್ಟ’. ಘರಟ್ಟ ಎಂದರೆ ಬೀಸುವ ಕಲ್ಲು, ದ್ರೋಹಿಗಳನ್ನು ಹಿಟ್ಟು ಮಾಡುವವನು ಎಂದರ್ಥ. ಹಳೇಬೀಡಿನ ಬಸದಿಯೊಂದಕ್ಕೂ ಈ ಹೆಸರು ಬಂತು. ದ್ರೋಹಿ ಯಾರೆಂದು ತೀರ್ಮಾನಿಸುವವನು, ಹಿಡಿದು ತರುವವನು, ಬೀಸಿ ಹಾಕುವವನು ಮೂರೂ ಒಬ್ಬನೇ. ಅಹಿಂಸೆಯ ಗುಡಿಗೆ ಈ ಹೆಸರಿಟ್ಟವರ ಧೈರ್ಯ ಮೆಚ್ಚಬೇಕು.

ಶಿಕ್ಷೆಯ ಕಡೆಗೆ ಹೋದ ‘ದಂಡ’ ಬೇಗ ದುಡ್ಡಿನ ಬೆನ್ನು ಹತ್ತಿತು. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಊರು ದಾನ ಕೊಡುವಾಗ ಹತ್ತು ಅಪರಾಧಗಳ ದಂಡ ವಸೂಲಿಯ ಹಕ್ಕನ್ನೂ ಸೇರಿಸಿ ಕೊಡುವುದುಂಟು. ತಪ್ಪು ಮಾಡುವವರಿದ್ದರೆ ಆದಾಯ ಎಂಬ ಲೆಕ್ಕಾಚಾರ ಸಂಚಾರ ಪೊಲೀಸರಿಗಿಂತ ಸಾವಿರ ವರ್ಷ ಹಳೆಯದು. ಯಲಹಂಕದ ನಾಡಪ್ರಭು ಕೆಂಪೇಗೌಡರು ಸ್ವಂತ ನಾಣ್ಯ ಟಂಕಿಸಿದರೆಂದು ವಿಜಯನಗರದ ಅಳಿಯ ರಾಮರಾಯ ಅವರನ್ನು ಆನೆಗೊಂದಿಯಲ್ಲಿ ಸೆರೆಯಿಟ್ಟ, ಬಿಡುಗಡೆಗೆ ಭಾರಿ ದಂಡ ತೆರಬೇಕಾಯಿತು ಎಂಬ ಐತಿಹ್ಯ ನಮಗೆಲ್ಲ ಗೊತ್ತು. ದಂಡು ಕಟ್ಟಿದವನೇ ದಂಡ ಕಟ್ಟಿದ. ದುಡ್ಡು ಕೈಬಿಟ್ಟು ಹೋಗುವ ಈ ಅನುಭವದಿಂದಲೇ ಆಡುಮಾತಿನಲ್ಲಿ ದಂಡಕ್ಕೆ ವ್ಯರ್ಥ ಎಂಬ ಅರ್ಥ ಬಂದಿರಬೇಕು. ಓದಿದ್ದೆಲ್ಲ ದಂಡ, ಪೆಟ್ರೋಲು ದಂಡ, ಕೂಳಿಗೆ ದಂಡ ಭೂಮಿಗೆ ಭಾರ. ಯಮನ ಕೈಯ ಆಯುಧ ಕೊನೆಗೆ ಸೋಮಾರಿ ಮಗನನ್ನು ಬೈಯುವ ಮಾತಾಯಿತು. ಗರಡಿಮನೆ ಮಾತ್ರ ಮೂಲವನ್ನು ಬಿಡಲಿಲ್ಲ. ನೆಲಕ್ಕೆ ಕೋಲಿನಂತೆ ಮೈಚಾಚಿ ಏಳುವುದನ್ನು ಅಲ್ಲಿ ಈಗಲೂ ದಂಡ ಹೊಡೆಯುವುದು ಎನ್ನುತ್ತಾರೆ.

‘ದಂಡು’ ಬೆಂಗಳೂರಿನಲ್ಲಿ ಒಂದು ಜಾಗದ ಹೆಸರಾಗಿ ನೆಲೆ ನಿಂತದ್ದು 1809ರ ಮೇಲೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಲಸೂರಿನ ಕಡೆ ಬೀಡುಬಿಟ್ಟಿತು. ಪೇಟೆಯ ಜನ ಅದನ್ನು ದಂಡು ಎಂದರು. 1864ರಲ್ಲಿ ಜೋಲಾರಪೇಟೆಯಿಂದ ಬಂದ ರೈಲಿನ ನಿಲ್ದಾಣಕ್ಕೂ ಅದೇ ಹೆಸರು. ಪೇಟೆ ಮೈಸೂರಿನದಾದರೆ ದಂಡು ಬ್ರಿಟಿಷರದು, 1947ರವರೆಗೆ ಊರು ಒಂದೇ ಆದರೂ ಆಳ್ವಿಕೆ ಎರಡು. ಆ ದಂಡಿನ ಜೊತೆಗೇ ಕನ್ನಡಕ್ಕೆ ಹೊಸ ಮಾತೊಂದು ಬಂತು: ಕೋರ್ಟ್ ಮಾರ್ಷಲ್. ರೋಮನ್ನರ ಯುದ್ಧದೇವತೆ ಮಾರ್ಸ್‌ನಿಂದ ಬಂದ ಮಾರ್ಷಲ್ ಇದು. ಏರ್ ಮಾರ್ಷಲ್‌ನ ಮಾರ್ಷಲ್ ಬೇರೆ, ಅದರ ಮೂಲ ಹಳೆಯ ಜರ್ಮನ್ ಮಾತುಗಳಲ್ಲಿ ಕುದುರೆ ಲಾಯದ ಆಳು. ಕನ್ನಡ ಲಿಪಿ ಎರಡನ್ನೂ ಒಂದೇ ಮಾಡಿಬಿಟ್ಟಿತು. ಕೊರೋನಾ ಕಾಲದಲ್ಲಿ ಬಿಬಿಎಂಪಿ ಮಾಜಿ ಸೈನಿಕರನ್ನು ಮಾರ್ಷಲ್‌ಗಳೆಂದು ನಿಲ್ಲಿಸಿ, ಮಾಸ್ಕ್ ಹಾಕದವರಿಗೆ 250 ರೂಪಾಯಿ ದಂಡ ಹಾಕಿಸಿದಾಗ ಈ ಪದಗಳೆಲ್ಲ ಆರ್.ಟಿ. ನಗರದ ತರಕಾರಿ ಅಂಗಡಿಯ ಮುಂದೆ ಒಂದೇ ಕಡೆ ಕಲೆತಿದ್ದವು.

ಬೆಂಗಳೂರಿನ ದಂಡು ಈ ಕೋರ್ಟ್ ಮಾರ್ಷಲನ್ನು ಕಂಡದ್ದು ರಕ್ತದಲ್ಲೇ. 1832ರಲ್ಲಿ ದೇಶೀ ಸಿಪಾಯಿಗಳು ಬ್ರಿಟಿಷ್ ಅಧಿಕಾರಿಗಳನ್ನು ಕೊಂದು ಕೋಟೆ ಹಿಡಿಯಲು ಹೂಡಿದ್ದ ಸಂಚು ಬಯಲಾಯಿತು. ಕೋರ್ಟ್ ಮಾರ್ಷಲ್ ನಡೆಯಿತು. ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಸಂಚು ಇದ್ದದ್ದು ಯಾರ ವಿರುದ್ಧವೋ ಆ ಅಧಿಕಾರಿಗಳ ಸಾಲಿನವರೇ ನ್ಯಾಯಾಧೀಶರು. ಹೆಸರು ಕೋರ್ಟ್ ಎಂದು ಬದಲಾಗಿತ್ತು, ಒಳಗೆ ಕೂತಿದ್ದವನು ಅದೇ ದ್ರೋಹಘರಟ್ಟ. ಅದಾಗಿ ಮೂರೇ ವರ್ಷಕ್ಕೆ, 1835ರಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ದೇಶೀ ಸಿಪಾಯಿಗಳಿಗೆ ಛಡಿ ಏಟಿನ ಶಿಕ್ಷೆಯನ್ನು ರದ್ದು ಮಾಡಿದ. 1845ರಲ್ಲಿ ಅದೇ ಹುದ್ದೆಯಲ್ಲಿದ್ದ ಹಾರ್ಡಿಂಜ್ ಮತ್ತೆ ತಂದ. ಕೋಲು ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ.

ಇದೇ ಉತ್ತರ ಬೆಂಗಳೂರು ಇನ್ನೊಂದು ಬಗೆಯ ಸೇನಾ ನ್ಯಾಯವನ್ನೂ ಕಂಡಿದೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಹಡಗಿನಲ್ಲಿ ತಂದು ಜಾಲಹಳ್ಳಿ ಕಡೆಯ ಶಿಬಿರಗಳಲ್ಲಿ ಇಟ್ಟಿದ್ದರು. ಅವರನ್ನು ಕಾಯುತ್ತಿದ್ದುದು 1929ರ ಜಿನೀವಾ ಒಪ್ಪಂದ. ಯುದ್ಧಕೈದಿಗೆ ತನ್ನನ್ನು ಹಿಡಿದ ಸೇನೆಯ ಕಾನೂನೇ ಅನ್ವಯ ಎಂದು ಅದು ಹೇಳಿತು. ಜೊತೆಗೇ ಮೈಗೆ ಹೊಡೆಯುವಂತಿಲ್ಲ, ಬೆಳಕಿಲ್ಲದ ಕೋಣೆಯಲ್ಲಿ ಕೂಡುವಂತಿಲ್ಲ, ಒಬ್ಬನ ತಪ್ಪಿಗೆ ಎಲ್ಲರನ್ನೂ ದಂಡಿಸುವಂತಿಲ್ಲ ಎಂದೂ ಬರೆಯಿತು. ತಪ್ಪಿಸಿಕೊಂಡು ಸಿಕ್ಕಿಬಿದ್ದ ಕೈದಿಗೆ ಹೆಚ್ಚೆಂದರೆ ಮೂವತ್ತು ದಿನದ ಶಿಸ್ತಿನ ಶಿಕ್ಷೆ, ಏಕೆಂದರೆ ಓಡಲು ನೋಡುವುದು ಸೈನಿಕನ ಸ್ವಭಾವ. ವೈರಿಯ ಸೈನಿಕನಿಗೂ ದಂಡದ ಮಿತಿ ಹಾಕಿದ ಈ ಕಾಗದ ಗೆದ್ದವನ ಕೈಯ ಕೋಲನ್ನು ಅಳೆದು ಕತ್ತರಿಸಿತು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ಮತ್ತು ಟೋಕಿಯೋ ನ್ಯಾಯಮಂಡಳಿಗಳು, ಹೆಸರಿನಲ್ಲೇ ‘ಸೈನಿಕ’ ಎಂಬ ವಿಶೇಷಣ ಹೊತ್ತು, ದಂಡನಾಯಕರನ್ನೇ ಕಟಕಟೆಗೆ ತಂದವು. 2002ರಲ್ಲಿ ಜಾರಿಗೆ ಬಂದ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನದ 28ನೆಯ ವಿಧಿ ಇನ್ನೊಂದು ಹೆಜ್ಜೆ ಹೋಗಿ, ಕೈಕೆಳಗಿನವರ ಯುದ್ಧಾಪರಾಧ ತಿಳಿದೂ ತಡೆಯದ, ವಿಚಾರಣೆಗೆ ಒಪ್ಪಿಸದ ದಳಪತಿಯೂ ಅಪರಾಧಿ ಎನ್ನುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ದಂಡ ಎತ್ತಬೇಕಾದಲ್ಲಿ ಎತ್ತದ ರಾಜನನ್ನು ಮನು ಕೂಡ ಬಿಟ್ಟಿರಲಿಲ್ಲ. ಹಾಗಾದಾಗ ಬಲಿಷ್ಠರು ದುರ್ಬಲರನ್ನು ಮೀನಿನಂತೆ ಸುಟ್ಟು ತಿನ್ನುತ್ತಾರೆ ಎಂದು ಎಚ್ಚರಿಸಿದ್ದ.

ಈಗ ಬಳ್ಳಾರಿ ರಸ್ತೆಯ ಆಚೀಚೆ ನೋಡಿ. ಹೆಬ್ಬಾಳದ ಕಡೆ ವಾಯುಪಡೆಯ ತರಬೇತಿ ಕಮಾಂಡಿನ ಕೇಂದ್ರ ಕಚೇರಿ. ಜಾಲಹಳ್ಳಿ, ಯಲಹಂಕಗಳಲ್ಲಿ ವಾಯುನೆಲೆಗಳು. ಜೆ.ಸಿ. ನಗರದಲ್ಲಿ ಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ. ಯಲಹಂಕದಲ್ಲೇ ಗಡಿ ಭದ್ರತಾ ಪಡೆಯ ತರಬೇತಿ ಕೇಂದ್ರ, ಸಿಆರ್‌ಪಿಎಫ್‌ನ ಗ್ರೂಪ್ ಸೆಂಟರ್. ನಾಲ್ಕು ಪಡೆ, ನಾಲ್ಕು ಕಾಯ್ದೆ. ತಂಗಿಯ ಮದುವೆಗೆಂದು ರಜೆ ಹಾಕಿ ಊರಿಗೆ ಹೋದ ಹುಡುಗರು ನಾಲ್ವರು, ಒಂದೊಂದು ಪಡೆಯವನು ಒಬ್ಬೊಬ್ಬ, ಹದಿನೈದು ದಿನ ತಡವಾಗಿ ವಾಪಸಾದರು ಎಂದುಕೊಳ್ಳಿ. ಫೌಜಿಗಳ ಬಾಯಲ್ಲಿ ಇದು ‘ಓವರ್‌ಸ್ಟೇ’. ಇಷ್ಟು ಸಣ್ಣದಕ್ಕೆ ಸಾಮಾನ್ಯವಾಗಿ ಕಮಾಂಡಿಂಗ್ ಆಫೀಸರ್ ಮುಂದೆ ಪೇಶಿಯಾಗುತ್ತದೆ, ದಾಖಲೆಯಲ್ಲಿ ಕೆಂಪು ಶಾಯಿಯ ಒಂದು ಎಂಟ್ರಿ ಬೀಳುತ್ತದೆ, ಮೈದಾನದಲ್ಲಿ ಬೆವರಿಳಿಸುವ ರಗಡಾ ಸಿಗುತ್ತದೆ. ಪದೇ ಪದೇ ಆದರೆ ಮಾತು ಕೋರ್ಟಿಗೆ ಹೋಗುತ್ತದೆ. ಅಲ್ಲಿಂದ ದಾರಿಗಳು ಕವಲೊಡೆಯುತ್ತವೆ.

ವಾಯುಪಡೆಯ ಹುಡುಗನಿಗೆ 1950ರ ವಾಯುಪಡೆ ಕಾಯ್ದೆಯಡಿ ಜಿಲ್ಲಾ ಕೋರ್ಟ್ ಮಾರ್ಷಲ್ ಆದರೂ ಕಡಿಮೆಯೆಂದರೆ ಮೂವರು ಅಧಿಕಾರಿಗಳು ಕೂರಬೇಕು. ಪ್ಯಾರಾಶೂಟ್ ರೆಜಿಮೆಂಟಿನ ಹುಡುಗನಿಗೆ ಅದೇ ವರ್ಷದ ಸೇನಾ ಕಾಯ್ದೆಯಲ್ಲಿ ಇನ್ನೊಂದು ಬಾಗಿಲಿದೆ, ಸಮ್ಮರಿ ಕೋರ್ಟ್ ಮಾರ್ಷಲ್. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬನೇ ಇಡೀ ನ್ಯಾಯಾಲಯ. ಪಕ್ಕದಲ್ಲಿ ಇಬ್ಬರು ಕೂರುತ್ತಾರೆ, ಆದರೆ ಅವರು ಪ್ರಮಾಣ ಸ್ವೀಕರಿಸಿದವರಲ್ಲ, ತೀರ್ಪಿನಲ್ಲಿ ಅವರ ಮಾತಿಲ್ಲ. ಆರೋಪಿಗೆ ನೆರವಾಗಲು ‘ಫ್ರೆಂಡ್ ಆಫ್ ದಿ ಅಕ್ಯೂಸ್ಡ್’ ಎಂಬ ಒಬ್ಬನಿರಬಹುದು, ಅವನು ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವನಾದರೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು, ನೌಕರಿಯಿಂದ ವಜಾ ಮಾಡಬಹುದು, ಮೇಲಿನವರ ದೃಢೀಕರಣಕ್ಕೆ ಕಾಯದೆ ಅಲ್ಲಿಂದಲ್ಲಿಗೇ ಜಾರಿ ಮಾಡಬಹುದು. ಅಧಿಕಾರಿಗಳನ್ನೂ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳನ್ನೂ ಹೀಗೆ ವಿಚಾರಿಸುವಂತಿಲ್ಲ. ಇದು ಅವರಿಗಿಂತ ಕೆಳಗಿನ ದರ್ಜೆಯವರಿಗೆ ಮಾತ್ರ ಮೀಸಲು. 1857ರ ದಂಗೆಯ ನಂತರ, ಸಿಪಾಯಿಯ ಮೇಲೆ ನಂಬಿಕೆ ಕಳೆದುಕೊಂಡ ಆಳ್ವಿಕೆ ಕಟ್ಟಿದ ಕೋರ್ಟು ಇದು. ಗಡಿ ಭದ್ರತಾ ಪಡೆಯ 1968ರ ಕಾಯ್ದೆಯೂ ಇದರ ಅಚ್ಚನ್ನೇ ಇಳಿಸಿಕೊಂಡು ಸಮ್ಮರಿ ಸೆಕ್ಯೂರಿಟಿ ಫೋರ್ಸ್ ಕೋರ್ಟ್ ಎಂದು ಹೆಸರಿಟ್ಟಿತು.

ನಾಲ್ಕನೆಯವನದು ಇನ್ನೂ ಸೋಜಿಗ. ಸಿಆರ್‌ಪಿಎಫ್‌ಗೆ ಕೋರ್ಟ್ ಮಾರ್ಷಲ್ ಇಲ್ಲ. 1949ರ ಅದರ ಕಾಯ್ದೆಯ 16ನೆಯ ಕಲಮಿನಂತೆ ಕೇಂದ್ರ ಸರ್ಕಾರ ಕಮಾಂಡೆಂಟ್‌ಗೇ ಮ್ಯಾಜಿಸ್ಟ್ರೇಟನ ಅಧಿಕಾರ ಕೊಡಬಹುದು. ಆಗ ಅವನು ತನ್ನ ಪಡೆಯವನನ್ನು ತಾನೇ ವಿಚಾರಿಸಿ ಜೈಲಿಗೆ ಕಳಿಸಬಲ್ಲ. ಕನ್ನಡದಲ್ಲಿ ಹೇಳುವುದಾದರೆ ಅವನು ದಂಡಿಗೂ ಅಧಿಕಾರಿ, ದಂಡಕ್ಕೂ ಅಧಿಕಾರಿ. ಪದ ಸಾವಿರ ವರ್ಷ ತೆಗೆದುಕೊಂಡು ಬಿಡಿಸಿಕೊಂಡ ಎರಡು ಅರ್ಥಗಳನ್ನು ಕಾಯ್ದೆ ಒಂದು ಕಲಮಿನಲ್ಲಿ ಮತ್ತೆ ಗಂಟು ಹಾಕಿದೆ.

ಶಿಸ್ತಿಲ್ಲದೆ ಸೈನ್ಯವಿಲ್ಲ, ಗುಂಡಿನ ಮಳೆಯ ನಡುವೆ ವಕೀಲರನ್ನು ಹುಡುಕಲಾಗುವುದಿಲ್ಲ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಸಂವಿಧಾನದ 33ನೆಯ ವಿಧಿ ಅದನ್ನು ಒಪ್ಪಿಯೇ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಸಂಸತ್ತಿಗೆ ಅವಕಾಶ ಕೊಟ್ಟಿದೆ. ಆದರೆ ಜೆ.ಸಿ. ನಗರದಲ್ಲಿ ಗುಂಡಿನ ಮಳೆಯಿಲ್ಲ. ಅರ್ಧ ತಾಸಿನ ದಾರಿಯಲ್ಲಿ ಹೈಕೋರ್ಟಿದೆ. ಬೇರೆ ದೇಶಗಳು ಈ ಗಂಟನ್ನು ತಮ್ಮ ತಮ್ಮ ರೀತಿಯಲ್ಲಿ ಬಿಚ್ಚುತ್ತ ಬಂದಿವೆ. ಫ್ರಾನ್ಸ್ ಶಾಂತಿಕಾಲದ ಸೇನಾ ನ್ಯಾಯಾಲಯಗಳನ್ನು 1982ರಲ್ಲಿ ಮುಚ್ಚಿತು. ಜರ್ಮನಿಯಲ್ಲಿ ಸೈನಿಕನ ಅಪರಾಧವನ್ನು ಸಾಮಾನ್ಯ ನ್ಯಾಯಾಲಯವೇ ನೋಡುತ್ತದೆ. ಕೋರ್ಟ್ ಮಾರ್ಷಲ್ ಸೇರಿಸಿದ ಅಧಿಕಾರಿಯೇ ಅದರ ಸದಸ್ಯರನ್ನು ಆರಿಸಿ ತೀರ್ಪನ್ನೂ ದೃಢೀಕರಿಸುವುದು ಸ್ವತಂತ್ರ ನ್ಯಾಯವಲ್ಲ ಎಂದು 1997ರಲ್ಲಿ ಫಿಂಡ್ಲೆ ಮೊಕದ್ದಮೆಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ನಮಗೆ ಕೋರ್ಟ್ ಮಾರ್ಷಲ್ ಕಲಿಸಿದ ಬ್ರಿಟನ್ನೇ ತನ್ನ ಪಾಠ ತಿದ್ದಿಕೊಳ್ಳಬೇಕಾಯಿತು. ಅ‌ಮೆರಿಕ 2023ರ ಕೊನೆಗೆ ಅತ್ಯಾಚಾರ, ಕೊಲೆಯಂಥ ಘೋರ ಅಪರಾಧಗಳಲ್ಲಿ ಮೊಕದ್ದಮೆ ಹೂಡುವ ತೀರ್ಮಾನವನ್ನು ದಳಪತಿಗಳ ಕೈಯಿಂದ ತೆಗೆದು ಪ್ರತ್ಯೇಕ ವಕೀಲರಿಗೆ ಒಪ್ಪಿಸಿತು.

ನಮ್ಮಲ್ಲೂ ಏನೂ ಆಗಿಲ್ಲವೆಂದಲ್ಲ. ಕೋರ್ಟ್ ಮಾರ್ಷಲ್ ತೀರ್ಪಿಗೆ ಒಂದು ಮೇಲ್ಮನವಿಯೂ ಇಲ್ಲವಲ್ಲ ಎಂದು 1982ರಲ್ಲಿ ಪೃಥಿಪಾಲ್ ಸಿಂಗ್ ಬೇಡಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ನೊಂದುಕೊಂಡಿತು. ಅದಾಗಿ ಕಾಲು ಶತಮಾನಕ್ಕೆ, 2007ರಲ್ಲಿ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬಂತು. 2016ರಲ್ಲಿ ವಿಶ್ವಪ್ರಿಯ ಸಿಂಗ್ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟ್, ಸಮ್ಮರಿ ಕೋರ್ಟ್ ಮಾರ್ಷಲ್ ಅಪವಾದವಾಗಿರಬೇಕೇ ಹೊರತು ರೂಢಿಯಾಗಬಾರದು, ತುರ್ತು ಇದ್ದಾಗ ಮಾತ್ರ ಅದನ್ನು ಹೂಡಬೇಕು ಎಂದಿತು. ಆದರೂ ಕಾಯ್ದೆಯ ಪುಸ್ತಕದಲ್ಲಿ ಅದು ಹಾಗೆಯೇ ಕೂತಿದೆ. ನ್ಯಾಯಮಂಡಳಿಯ ಬಾಗಿಲು ಗಡಿ ಭದ್ರತಾ ಪಡೆ ಮತ್ತು ಸಿಆರ್‌ಪಿಎಫ್‌ನ ಜವಾನರಿಗೆ ತೆರೆದಿಲ್ಲ, ಅವರು ಹೈಕೋರ್ಟಿಗೇ ಹೋಗಬೇಕು. ತೆರೆದಿರುವವರಿಗೂ ಒಂದು ತೊಡಕಿದೆ. ಇಷ್ಟೊಂದು ನೆಲೆಗಳನ್ನು ಹೊತ್ತ ಬೆಂಗಳೂರಿನಲ್ಲಿ ಆ ನ್ಯಾಯಮಂಡಳಿಯ ಕಾಯಂ ಪೀಠವೇ ಇಲ್ಲ. ಶಾಂತಿಕಾಲದ ಊರುಗಳಲ್ಲಿ ದಳಪತಿ ಒಬ್ಬನೇ ಕೂತು ನಡೆಸುವ ಕೋರ್ಟನ್ನು ಸಂಸತ್ತು ರದ್ದು ಮಾಡಬೇಕು, ಬೆಂಗಳೂರಿಗೊಂದು ಪೀಠ ಕೊಡಬೇಕು. ಎರಡೂ ಆಗಬೇಕಾದ ಕೆಲಸಗಳು.